ಮೋತಿಬಿಯ ನಾನಖಟಾಯಿ

ಬೆಟಗೇರಿಯ ನಮ್ಮ ಓಣಿಯಲ್ಲಿ ನಮ್ಮ ಮನೆಗೂ ಮೋತಿಬಿಯ ಮನೆಗೂ ನಡುವೆ ಒಂದೇ ಗೋಡೆ. ನಾನು ಸಿಟ್ಟಿನ ಹೆಂಗಸು, ಚಿಕ್ಕಂದಿನಲ್ಲೂ ಹಾಗೇ ಇದ್ದೆ. ಮೋತಿಬಿಗೆ ಸಿಟ್ಟೆಂಬುದೇ ಗೊತ್ತಿರಲಿಲ್ಲ. ಅದಕ್ಕೇ ಅವಳ ಮೇಲೆ ನನಗೆ ಎಷ್ಟೋ ಸಲ ಸಿಟ್ಟು ಬರುತ್ತಿತ್ತು.

ಗಂಡ ಮರ್ದಾನಸಾಬ ತೀರಿಹೋದ ಮೇಲೆ ಅವಳು ಮಗ್ಗದವರಿಗೆ ಕಂಡಿಕೆ ಸುತ್ತಿಕೊಟ್ಟು ಬದುಕುತ್ತಿದ್ದಳು. ಕಂಡಿಕೆ ಅಂದರೆ ಲಾಳಿಯೊಳಗೆ ಕೂರಿಸುವ ನೂಲಿನ ಸಣ್ಣ ಕೊಳವೆ. ಸ್ವಂತ ಮಕ್ಕಳಿರಲಿಲ್ಲ. ತಂಗಿ ಬಾಣಂತನದಲ್ಲಿ ಸತ್ತಾಗ ಹನ್ನೊಂದು ದಿನದ ಕೂಸು ಜೈಬುನ್ನೀಸಾಳನ್ನು ಲಕ್ಷ್ಮೇಶ್ವರದಿಂದ ಸೆರಗಿನಲ್ಲಿ ಸುತ್ತಿಕೊಂಡು ಬಂದವಳು ಅವಳೇ. ಹುಡುಗಿ ಅವಳನ್ನು ಖಾಲಾ, ಅಂದರೆ ದೊಡ್ಡಮ್ಮ, ಅಂತ ಕರೆಯುತ್ತಿದ್ದಳು. ನಾನು ಹೇಳುತ್ತಿರುವ ನಲವತ್ತೇಳನೆಯ ಇಸವಿಯಲ್ಲಿ ಆ ಕೂಸಿಗೆ ಆರು ತುಂಬಿತ್ತು, ನನಗೆ ಒಂಬತ್ತು.

ಓಣಿಯ ಮಕ್ಕಳೆಲ್ಲ ಬಿದ್ದಿರುತ್ತಿದ್ದದ್ದು ಮೋತಿಬಿಯ ಪಡಸಾಲೆಯಲ್ಲೇ. ಮುರಿದ ಕಂಡಿಕೆಯಿಂದ ಗಾಡಿ, ತುಂಡು ನೂಲಿನಿಂದ ಗೊಂಡೆ, ಚಿಂದಿಯಿಂದ ಗೊಂಬೆ, ಏನು ಕೇಳಿದರೂ ಮಾಡಿಸುತ್ತಿದ್ದಳು. ತಾನು ಮಾಡಿಕೊಡುತ್ತಿರಲಿಲ್ಲ, ನಮ್ಮ ಕೈಯಿಂದಲೇ ಮಾಡಿಸುತ್ತಿದ್ದಳು. ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಮನೆ ಜಗುಲಿಯ ಮೇಲೆ ಕೂರುವ ಎತ್ತುಗಳ ಕೋಡು ತಿದ್ದಿಸುತ್ತಿದ್ದವಳೂ ಅವಳೇ. ನಮ್ಮವ್ವ ದೇವವ್ವ, “ಏ ಮೋತಿಬಿ, ನನ್ನ ಮಗಳನ್ನ ನೀನ ಇಟ್ಕೊಂಡುಬಿಡು, ನನಗ ಒಂದು ಹೊತ್ತಿನ ಒಣ ಜಗಳ ತಪ್ಪತೈತಿ” ಅಂತ ಕಿಚಾಯಿಸುತ್ತಿದ್ದಳು.

ರಮಜಾನ್ ಬಂತೆಂದರೆ ನಾನಖಟಾಯಿ, ತುಪ್ಪ ಸಕ್ಕರೆಯ ಬಿಸ್ಕೀಟು. ಹಬ್ಬದ ಹಿಂದಿನ ದಿನ ಓಣಿಯ ಐದು ಮನೆಯವರು ತಮ್ಮ ತಮ್ಮ ಹಿಟ್ಟು ನಾದಿಕೊಂಡು ಮೋತಿಬಿಯ ಮನೆಗೆ ತರುತ್ತಿದ್ದರು. ಉಂಡೆ ಮಾಡುವುದು, ತಟ್ಟುವುದು, ಗುರುತು ಒತ್ತುವುದು ಮಕ್ಕಳ ಕೆಲಸ. ಬೇಯುವುದು ಫಕ್ರುಸಾಬನ ಭಟ್ಟಿಯಲ್ಲಿ. ಅಲ್ಲಿಯ ತಗಡುಗಳೆಲ್ಲ ಒಂದೇ ಥರ ಇರುತ್ತಿದ್ದವು, ಒಬ್ಬರದು ಒಬ್ಬರಿಗೆ ಹೋಗಬಾರದು ಅಂತ ಒಂದೊಂದು ಮನೆಗೂ ಒಂದೊಂದು ಗುರುತು. ದಿಲಶಾದಬಿಯದು ಬಾಚಣಿಗೆ ಹಲ್ಲು, ರಹಮಾನಸಾಬನ ಮನೆಯದು ಅಂಗಿಯ ಗುಂಡಿ, ಮೋತಿಬಿಯದು ಅಕ್ಕಿ ಕಾಳಿನ ಮೂರು ಚುಕ್ಕಿ.

ಇನ್ನೊಂದು ಪದ್ಧತಿ ಇತ್ತು. ದೊಡ್ಡವರೆಲ್ಲ ರೋಜಾ, ಅಂದರೆ ಹಗಲಿನ ಉಪವಾಸ, ಹಿಡಿದವರು, ಹಿಟ್ಟನ್ನು ನಾಲಿಗೆಗೆ ಮುಟ್ಟಿಸುತ್ತಿರಲಿಲ್ಲ. ಸಕ್ಕರೆ ಸಾಕೋ ಬೇಕೋ ಅಂತ ಮಕ್ಕಳೇ ರುಚಿ ನೋಡಿ ಹೇಳಬೇಕು. ನಾವು ಮುಕ್ಕಿ ಮುಕ್ಕಿ ತಿಂದು ಎಲ್ಲದಕ್ಕೂ ಚಲೋ ಐತಿ ಅನ್ನುವ ಜಾತಿ. ಜೈಬುನ್ನೀಸಾ ಮಾತ್ರ ಕಡಲೆಕಾಳಿನಷ್ಟು ಬಾಯಿಗಿಟ್ಟು, ಕಣ್ಣು ಮುಚ್ಚಿ, ಇದ್ದದ್ದನ್ನು ಇದ್ದಹಾಗೆ ಹೇಳುತ್ತಿದ್ದಳು. “ಯಾಲಕ್ಕಿ ಜಾಸ್ತಿ ಆಗೇತಿ.” “ತುಪ್ಪ ಹಳೇದೈತಿ.” ಹೆಂಗಸರು ಮುಖ ಸಿಂಡರಿಸಿದರೂ ಅವಳ ಮಾತನ್ನೇ ಕೇಳುತ್ತಿದ್ದರು.

ಆ ವರ್ಷ ಸ್ವಾತಂತ್ರ್ಯ ಬಂದದ್ದು ಶುಕ್ರವಾರ, ಈದ್ ಬಂದದ್ದು ಸೋಮವಾರ. ಊರೆಲ್ಲ ಕುಣಿಯುತ್ತಿದ್ದರೆ ಮೋತಿಬಿಯ ಮನೆಯಲ್ಲಿ ಗಂಟು ಕಟ್ಟುತ್ತಿದ್ದರು. ಲಕ್ಷ್ಮೇಶ್ವರದ ಶೇಖಸಾಬ, ಜೈಬುನ್ನೀಸಾಳ ತಂದೆ, ಎರಡನೆಯ ಮದುವೆಯಾಗಿದ್ದ. ಈದ್‌ಗೆ ಬಂದು ಮಗಳನ್ನು ಕರೆದೊಯ್ಯುತ್ತೇನೆ ಅಂತ ಖಬರು ಕಳಿಸಿದ್ದ. ಆಗ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ನಮ್ಮದು ಮುಂಬೈ ಸರಕಾರದ್ದು. ನಾಳೆ ಯಾವುದು ಯಾರದಾಗುತ್ತದೋ, ಮಗಳು ತನ್ನ ಹತ್ತಿರವೇ ಇರಲಿ ಅಂದಿದ್ದ.

ಮೋತಿಬಿ ಒಂದು ಮಾತು ಎದುರಾಡಲಿಲ್ಲ. ಹುಡುಗಿಯ ಬಟ್ಟೆ ಒಗೆದು ಮಡಚಿದಳು. ಕಂಟ್ರೋಲಿನ ರೇಷನ್ನಿನಲ್ಲಿ ಸಿಕ್ಕ ಚೂರುಪಾರು ಸಕ್ಕರೆಯನ್ನು ಎರಡು ತಿಂಗಳಿಂದ ಚಹಾಕ್ಕೂ ಹಾಕದೆ ಕೂಡಿಟ್ಟಿದ್ದಳು. ನಾನಖಟಾಯಿ ಮಾಡಿ ಹುಡುಗಿಯ ಜೊತೆ ಕಳಿಸಬೇಕು, ಹೊಸ ತಾಯಿ ಬಾಯಿ ಸಿಹಿ ಮಾಡಿಕೊಂಡು ಕೂಸನ್ನು ಒಳಗೆ ಕರೆದುಕೊಳ್ಳಲಿ ಅಂತ. ನನಗೆ ಮೈಯೆಲ್ಲ ಉರಿಯಿತು. “ಕೊಡಂಗಿಲ್ಲ ಅನ್ನಬೇ” ಅಂದೆ. “ಹಡದಾಂವ ಅಂವಾ, ಮಂಜಿ. ನಾ ಹೆಂಗ ಅನ್ಲಿ?” ಅಂದಳು.

ಭಾನುವಾರ ಮಧ್ಯಾಹ್ನ ಐದೂ ಮನೆಯ ಹಿಟ್ಟು ಬಂತು. ಮೋತಿಬಿ ಡಬ್ಬಿಯಲ್ಲಿ ಕೂಡಿದ್ದ ಎರಡು ಹಿಡಿ ಸಕ್ಕರೆಯನ್ನೆಲ್ಲ ಪುಡಿ ಮಾಡಿ ತನ್ನ ಹಿಟ್ಟಿಗೆ ಸುರಿದು ನಾದಿ, “ನೋಡವ್ವ, ಸಾಕಾತೇನು?” ಅಂದಳು. ಜೈಬುನ್ನೀಸಾ ಕಣ್ಣು ಮುಚ್ಚಿದಳು. ಕಣ್ಣು ತೆರೆದು ಡಬ್ಬಿಯ ಕಡೆ ನೋಡಿ, “ಸರಿ ಐತಿ ಖಾಲಾ” ಅಂದಳು. ಮೋತಿಬಿ ನೆಮ್ಮದಿಯಿಂದ ಎದ್ದು, ಹುಡುಗಿಯ ಹೊಸ ಲಂಗ ತರಲು ದರ್ಜಿಯ ಅಂಗಡಿಗೆ ಹೋದಳು.

ಅವಳು ಹೊರಗೆ ಹೋದದ್ದೇ ತಡ, ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಶಾಲೆಯಲ್ಲಿ ಕೊಟ್ಟ ಕಾಗದದ ಬಾವುಟ ಇನ್ನೂ ಜಡೆಯಲ್ಲೇ ಇತ್ತು. ಕಂಡಿಕೆಯ ತುದಿ ಒತ್ತಿದರೆ ದುಂಡಗೆ ಗಾಲಿ ಬೀಳುತ್ತದೆ, ಒಳಗೆ ಸೂಜಿಯಿಂದ ಗೆರೆ ಎಳೆದರೆ ಬಾವುಟದ ಚಕ್ರ. “ಈ ಸರ್ತಿ ಎಲ್ಲಾರದೂ ಚಕ್ರಾನ” ಅಂತ ಅಪ್ಪಣೆ ಮಾಡಿದೆ. ಐದೂ ಮನೆಯ ನಾನಖಟಾಯಿಗೆ, ಇನ್ನೂರಕ್ಕೂ ಮಿಕ್ಕಿ, ಒಂದೂ ಬಿಡದೆ ಚಕ್ರ ಒತ್ತಿದೆವು. ತಲೆಯ ಮೇಲೆ ಹೊತ್ತುಕೊಂಡು ಹೋಗಿ ಭಟ್ಟಿಗೂ ಕೊಟ್ಟೆವು.

ಸಂಜೆ ತಗಡುಗಳು ತಿರುಗಿ ಬಂದವು. ಐದು ಹೆಂಗಸರು ಸುತ್ತ ನಿಂತು ನೋಡಿದರು. ಎಲ್ಲ ಒಂದೇ ಬಣ್ಣ, ಒಂದೇ ಚಕ್ರ. ಮೋತಿಬಿ ನೆಲಕ್ಕೆ ಕುಸಿದು ಕೂತಳು. “ಯಾ ಕೈ ಇದು?” ಅಂತ ದಿಲಶಾದಬಿ ಕೇಳಿದಳು. ಎಲ್ಲರೂ ನನ್ನನ್ನೇ ನೋಡಿದರು. ನಮ್ಮವ್ವ ನನ್ನ ಬೆನ್ನಿಗೆ ಎರಡು ಬಿಟ್ಟಳು, ಅದು ನ್ಯಾಯವೇ. ಬಾಯಿಗಿಟ್ಟು ನೋಡೋಣ ಅಂದರೆ ಎಲ್ಲರಿಗೂ ರೋಜಾ, ಹೊತ್ತು ಇನ್ನೂ ಮುಳುಗಿರಲಿಲ್ಲ.

ಅಷ್ಟರಲ್ಲಿ ಶೇಖಸಾಬ ಬಂದು ಬಾಗಿಲಲ್ಲಿ ನಿಂತ. ಯಾರೂ ಅವನಿಗೆ ಬಾ ಅನ್ನಲಿಲ್ಲ, ಯಾರಿಗೂ ಹೊಳೆಯಲಿಲ್ಲ. ದಿಲಶಾದಬಿ, “ಜೈಬುನ್, ಇಲ್ಲೆ ಬಾರವ್ವ, ನೀನ ನೋಡು” ಅಂದಳು. ಆರು ವರ್ಷದ ಹುಡುಗಿ ನಡುವೆ ಕೂತಳು. ಒಂದೊಂದು ತಗಡಿನಿಂದ ಒಂದು ಚೂರು ಮುರಿದು ಬಾಯಿಗಿಟ್ಟು ಹೇಳುತ್ತಾ ಹೋದಳು. “ಇದು ದಿಲಶಾದಬೀದು, ಯಾಲಕ್ಕಿ ಐತಿ. ಇದು ರಹಮಾನಸಾಬಂದು, ಬೆಲ್ಲ ಹಾಕ್ಯಾರ.” ಕೊನೆಗೆ ಉಳಿದ ತಗಡಿನದೊಂದು ಚೂರು ಕಚ್ಚಿ, ತಗಡನ್ನು ಮೋತಿಬಿಯ ಕಡೆಗೆ ನೂಕಿದಳು. “ಇದು ನಮ್ದು.”

ಹೆಂಗಸರು ಹೋದ ಮೇಲೆ ಶೇಖಸಾಬ ಮಗಳ ಎದುರು ಕುಕ್ಕರುಗಾಲಲ್ಲಿ ಕೂತ. “ನಿನಗ ಹೆಂಗ ಗೊತ್ತಾತು?” ಅಂದ.

“ಖಾಲಾ ರೋಜಾ ಇರತಾಳಲ್ಲ. ರುಚಿ ನಾನ ನೋಡ್ತೀನಿ.”

“ಆತು. ನಾಳೆ ನಮಾಜ್ ಮುಗಿಸಿ ನಾವು ನಮ್ಮ ಮನೀಗಿ ಹೋಗೂಣು.”

ಹುಡುಗಿ ಅಳಲಿಲ್ಲ. “ಮತ್ತ ಮುಂದಿನ ಸರ್ತಿ ರುಚಿ ಯಾರ ನೋಡ್ತಾರ?” ಅಂತ ಕೇಳಿದಳು.

ಹೊತ್ತು ಮುಳುಗಿತು, ರೋಜಾ ಬಿಡುವ ಬಾಂಗು ಮಸೀದಿಯಿಂದ ಕೇಳಿತು. ಮೋತಿಬಿ ತಂಗಿಯ ಗಂಡನಿಗೆ ನೀರು, ಖರ್ಜೂರ ಕೊಟ್ಟು, ಎರಡು ನಾನಖಟಾಯಿ ಮುಂದಿಟ್ಟಳು. ತಾನೂ ಒಂದನ್ನು ಕಚ್ಚಿದಳು. ಅವಳ ಬಾಯಿ ಅಲ್ಲೇ ನಿಂತುಹೋಯಿತು. ನಾನೂ ಕೈಹಾಕಿ ತಿಂದೆ. ಸಪ್ಪೆ, ಬರೀ ಹಿಟ್ಟು.

“ಸಕ್ಕರಿ ಸಾಲಿಲ್ಲಲ್ಲ ತಾಯಿ” ಅಂದಳು ಮೋತಿಬಿ. “ಸರಿ ಐತಿ ಅಂದಿದ್ದಿಯಲ್ಲ.”

ಜೈಬುನ್ನೀಸಾ ತಲೆ ತಗ್ಗಿಸಿ ಲಂಗದ ಅಂಚು ಹಿಡಿದುಕೊಂಡಳು. “ಡಬ್ಬಿ ಖಾಲಿ ಆಗಿತ್ತು. ಸಾಲದು ಅಂದಿದ್ರ ನೀ ಅಳ್ತಿದ್ದಿ.”

ಯಾರಿಗೂ ಸುಳ್ಳು ಹೇಳದ ಹುಡುಗಿ ಅದು. ಮೋತಿಬಿ ಗೋಡೆಯ ಕಡೆ ಮುಖ ತಿರುಗಿಸಿ ಸೆರಗು ಬಾಯಿಗೊತ್ತಿಕೊಂಡಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಶೇಖಸಾಬ ಕೈಯಲ್ಲಿದ್ದ ಸಪ್ಪೆ ನಾನಖಟಾಯಿಯನ್ನು ಪೂರ್ತಿ ತಿಂದ. ಇನ್ನೊಂದನ್ನೂ ತಿಂದ. ಆಮೇಲೆ ಹೆಗಲ ಮೇಲಿನ ವಸ್ತ್ರ ಹಾಸಿ, ತಗಡಿನ ಮೇಲಿನವನ್ನೆಲ್ಲ ಒಂದೊಂದಾಗಿ ಅದರಲ್ಲಿ ಜೋಡಿಸಿ ಗಂಟು ಹಾಕಿದ.

“ಆಪಾ, ಇವನ್ನ ನಾ ಮನೀಗಿ ಒಯ್ತೀನ್ರಿ” ಅಂತ ಮೋತಿಬಿಗೆ ಅಂದ. “ಕೂಸಿನ ಬಟ್ಟಿ ಗಂಟು ಬಿಚ್ಚಿ ಇಟ್ಟುಬಿಡ್ರಿ.”