ಮರೆವ್ವನ ಓವರ್‌ಲಾಕು, ರಾಜನ ಹೊಟ್ಟೆ

ಮರೆವ್ವ ಹನ್ನೊಂದು ವರ್ಷ ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಕೂತು ಟೀ ಶರ್ಟಿನ ಪಕ್ಕೆ ಹೊಲಿದಳು. ಬರೀ ಪಕ್ಕೆ. ತೋಳು ಪಕ್ಕದವಳದು, ಕಾಲರು ಅದರಾಚೆಯವಳದು. ಅಂಗಿ ಎಂಬ ಪದಾರ್ಥ ಪೂರ್ತಿಯಾಗಿ ಹೇಗಿರುತ್ತದೆಂದು ಅವಳು ಬಸ್ಸಿನಲ್ಲಿ ಹೋಗುವವರ ಮೈಮೇಲೆ ನೋಡಿ ತಿಳಿದುಕೊಂಡಿದ್ದಳು. ಅವಳು ಹಾಕಿದ ಹೊಲಿಗೆಯನ್ನೆಲ್ಲ ಉದ್ದಕ್ಕೆ ಜೋಡಿಸಿದ್ದರೆ ಚಂದ್ರಲೋಕ ಮುಟ್ಟಿ ವಾಪಸು ಜಾಲಹಳ್ಳಿ ಕ್ರಾಸಿಗೆ ಬರಬಹುದಿತ್ತು, ಬಂದಮೇಲೂ ಸೂಪರ್‌ವೈಸರು ಗಡಿಯಾರ ನೋಡಿ, "ಇಷ್ಟೊತ್ತು ಎಲ್ಲಿ ಹೋಗಿದ್ದೆ?" ಅನ್ನುತ್ತಿದ್ದ.

ಅವಳು ನಡೆಸುತ್ತಿದ್ದುದು ಓವರ್‌ಲಾಕ್ ಮಷೀನು. ಅದು ನಾಲ್ಕು ಉಂಡೆ ದಾರ ನುಂಗಿ, ಬಟ್ಟೆಯ ಅಂಚು ಎಳೆ ಬಿಡದ ಹಾಗೆ ಸುತ್ತಿ ಹೊಲಿಯುತ್ತದೆ. ಸೂಜಿಯ ಮಗ್ಗುಲಲ್ಲೇ ಇರುವ ಚಾಕು ಹೆಚ್ಚಾದ ಬಟ್ಟೆಯನ್ನು ಕೊಯ್ದು ಕೆಳಗೆ ಬೀಳಿಸುತ್ತದೆ. ಕಾರ್ಖಾನೆಯವರಿಗೆ ಪೀಣ್ಯ ಬೇಸರ ಬಂದು ಬೇರೆ ಊರಿಗೆ ಹೊರಟಾಗ ಹಳೇ ಮಷೀನುಗಳನ್ನು ಮಾರಿದರು. ಮರೆವ್ವ ತಾನು ಕೂರುತ್ತಿದ್ದುದನ್ನೇ ಕೊಂಡಳು. ರಾಯಚೂರಿನಿಂದ ತಂದ ಟ್ರಂಕು ಬಿಟ್ಟರೆ ಈ ಊರಲ್ಲಿ ಅವಳದು ಅನ್ನಬಹುದಾದದ್ದು ಅದೊಂದೇ. ಆದರೆ ಅವಳ ಬಾಡಿಗೆ ರೂಮು ಎಂಥಾ ಅರಮನೆಯೆಂದರೆ, ಮಷೀನು ಒಳಗೆ ಬಂದರೆ ಮರೆವ್ವ ಹೊರಗೆ ನಿಲ್ಲಬೇಕು. ಅದಕ್ಕೇ ಮಷೀನಿಟ್ಟು ಹೊಲಿಯಲು ಒಂದು ಮೂಲೆ ಕೇಳಿಕೊಂಡು ಬೀದಿಯ ಕೊನೆಯ ಟೈಲರ್ ರಾಮಯ್ಯನ ಅಂಗಡಿ ಬಾಗಿಲಿಗೆ ಹೋದಳು.

ರಾಮಯ್ಯ ನಲವತ್ತು ವರ್ಷದಿಂದ ಒಂದೇ ಮಷೀನು ತುಳಿಯುತ್ತಿದ್ದ ಮನುಷ್ಯ. ಹೊಲಿಗೆಯ ಒಳಗಡೆ ಧಾರಾಳವಾಗಿ ಬಟ್ಟೆ ಬಿಡುವುದು ಅವನ ಕೀರ್ತಿ. ಅವನು ಹೊಲಿದ ಮದುವೆ ಕೋಟನ್ನು ಬಿಚ್ಚಿ ಬಿಚ್ಚಿ ದೊಡ್ಡದು ಮಾಡಿಸಿಕೊಂಡು ಅರವತ್ತರ ಶಾಂತಿಗೂ ತೊಟ್ಟವರಿದ್ದರು. ಒಬ್ಬರ ಪ್ಯಾಂಟಿನೊಳಗೆ ಮಗನಿಗೊಂದು ಪ್ಯಾಂಟು ಸಿಕ್ಕಿತೆಂದೂ ಸುದ್ದಿ.

"ಇದು ಹೊಲಿಯೋ ಮಷೀನಲ್ಲ ಕಣಮ್ಮ, ಮೇಯೋ ಮಷೀನು," ಎಂದ ರಾಮಯ್ಯ. "ಇದನ್ನ ಬಟ್ಟೆ ಹತ್ರ ಬಿಡೋದೂ ಒಂದೇ, ಮೇಕೇನ ಬಿಡೋದೂ ಒಂದೇ."

"ಒಮ್ಮಿ ನೋಡ್ರಿ ಮಾಸ್ತರ. ಸೇರಲಿಲ್ಲಂದ್ರ ಹೊತ್ಕೊಂಡ್ ಹೋಗ್ತೀನಿ."

"ಸರಿ, ಇದೊಂದು ರಾಜನ ಡ್ರೆಸ್ ಮುಗೀಲಿ. ಚೆನ್ನಾಗಿ ಬಂದ್ರೆ ನಿನ್ನ ಮಷೀನು ಇಲ್ಲೇ ಇರ್ಲಿ. ಕೆಟ್ರೆ ಸೋಮವಾರ ಆಟೋ ಕರೆಸ್ಕೋ."

ಸೋಮವಾರ ಆಟೋ ಬಂದರೆ ಮುಂದೇನೆಂದು ಮರೆವ್ವನಿಗೆ ಗೊತ್ತಿತ್ತು: ಮಷೀನು ಗುಜರಿಗೆ, ತಾನು ಇನ್ನೊಂದು ಕಾರ್ಖಾನೆಯ ಗೇಟಿಗೆ, ಮತ್ತೆ ಹನ್ನೊಂದು ವರ್ಷದ ಪಕ್ಕೆ.

ರಾಜ ಅಂದರೆ ಮುನಿಕೃಷ್ಣ, ಮರೆವ್ವನ ರೂಮಿನಂಥ ಎಂಬತ್ತು ರೂಮುಗಳ ಮಾಲೀಕ. ಊರಿನ ಹಳಬರು ಆಡುವ ನಾಟಕದಲ್ಲಿ ರಾಜನ ಪಾರ್ಟು ಕಂಠ ನೋಡಿ ಕೊಡುವುದಲ್ಲ, ಶಾಮಿಯಾನಾದ ಖರ್ಚು ಯಾರದೆಂದು ನೋಡಿ ಕೊಡುವುದು. ಆ ಲೆಕ್ಕದಲ್ಲಿ ಮುನಿಕೃಷ್ಣನಷ್ಟು ಇಂಪಾದ ಕಂಠ ನಾಲ್ಕೂರಲ್ಲಿ ಇರಲಿಲ್ಲ. ಬಾಡಿಗೆ ಡ್ರೆಸ್ಸಿನಲ್ಲಿ ನಲವತ್ತು ರಾಜರ ಬೆವರಿದೆ, ತನಗೆ ಸ್ವಂತದ್ದೇ ಬೇಕೆಂದು ಕೆಂಪು ಮಖಮಲ್ಲು ತಂದುಕೊಟ್ಟಿದ್ದ. ಅಳತೆ ಕೊಡುವಾಗ ಹೊಟ್ಟೆಯನ್ನು ಎದೆಗೆ ಏರಿಸಿ, ಉಸಿರು ಕಟ್ಟಿ, ಮಹಾ ಯೋಗಿಯಂತೆ ನಿಂತ. ರಾಮಯ್ಯ ಟೇಪು ಹೇಳಿದ್ದನ್ನು ಬರೆದುಕೊಂಡು, ಹೊಟ್ಟೆ ಹೇಳಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು, ಎರಡೂ ಪಕ್ಕೆಯ ಒಳಗೆ ಮೂರು ಮೂರು ಇಂಚು ಬಿಟ್ಟು ಹೊಲಿದ. ಇದನ್ನೆಲ್ಲ ಬಾಯಿಬಿಟ್ಟು ಹೇಳುವ ಪದ್ಧತಿ ಅವನಲ್ಲಿರಲಿಲ್ಲ. ಹೊಲಿಗೆ ಬಲ್ಲವರಿಗೆ ಹೇಳಬೇಕೇ?

ಮಖಮಲ್ಲು ಎಳೆ ಬಿಡುತ್ತಿದೆ, ಅಂಚು ಹೊಲಿ ಎಂದು ಕೋಟನ್ನು ಮರೆವ್ವನ ಮುಂದೆ ಹಾಕಿ ರಾಮಯ್ಯ ಊಟಕ್ಕೆ ಹೋದ. ಮರೆವ್ವ ಪಕ್ಕೆ ನೋಡಿದಳು. ಹೊಲಿಗೆಯಾಚೆ ಮೂರು ಇಂಚು! ಕಾರ್ಖಾನೆಯಲ್ಲಿ ಅರ್ಧ ಬೆರಳು ಹೆಚ್ಚಿದ್ದರೆ ಚೆಕಿಂಗಿನವಳು ಮೂರು ತಲೆಮಾರಿಗೆ ಆಗುವಷ್ಟು ಬೈಯುತ್ತಿದ್ದಳು. ಪಾಪ, ಮಾಸ್ತರಿಗೆ ಕಣ್ಣು ಮಂಜಾಗಿದೆ ಎಂದುಕೊಂಡು, ಅವನ ಮಾನ ಕಾಪಾಡುವ ಉಪಕಾರಬುದ್ಧಿಯಿಂದ, ಮಷೀನು ಓಡಿಸಿದಳು. ಎರಡು ನಿಮಿಷ. ಚೂರುಗಳನ್ನು ಗುಡಿಸಿ ಕಸದ ಗಾಡಿಗೂ ಹಾಕಿದಳು.

ಭಾನುವಾರ ನಾಟಕ ಬೆಳಿಗ್ಗೆ ಹತ್ತಕ್ಕೆ. ಈಗೀಗ ರಾತ್ರಿ ಹಾರ್ಮೋನಿಯಂ ಕೆಮ್ಮಿದರೂ ಅಪಾರ್ಟ್‌ಮೆಂಟಿನವರು ಪೊಲೀಸರನ್ನು ಕರೆಯುವುದರಿಂದ ನಮ್ಮ ರಾಜರೆಲ್ಲ ಹಗಲಲ್ಲೇ ಯುದ್ಧ ಮುಗಿಸುತ್ತಾರೆ. ಏಳಕ್ಕೆ ಮುನಿಕೃಷ್ಣ ಅಂಗಡಿಗೆ ಬಂದು ಕೋಟು ತೊಟ್ಟು ಕನ್ನಡಿ ಮುಂದೆ ನಿಂತ.

"ಸಕ್ಕತ್ತಾಗಿದೆ ಮಾಸ್ಟ್ರೇ," ಎಂದ. ಅನ್ನಲು ಉಸಿರು ಬಿಡಬೇಕಾಯಿತು. ಮೂರು ಹುಕ್ಕು ಹಾರಿ, ಒಂದು ಕನ್ನಡಿಗೆ ಬಡಿಯಿತು. ಉಳಿದೆರಡು ಇನ್ನೂ ಸಿಕ್ಕಿಲ್ಲ.

"ಗಾಬರಿಯಾಗ್ಬೇಡಿ, ಒಳಗೆ ಬೇಕಾದಷ್ಟು ಬಿಟ್ಟಿದೀನಿ," ಎಂದು ರಾಮಯ್ಯ ನಗುತ್ತಲೇ ಕೋಟು ತಿರುವಿದ. ಒಳಗೆ ಟೀ ಶರ್ಟಿನ ಪಕ್ಕೆಯಂತೆ ಸಣ್ಣಗೆ, ನೀಟಾಗಿ, ಏನೂ ಇರಲಿಲ್ಲ.

"ಮರೆವ್ವಾ, ಬಟ್ಟೆ ಎಲ್ಲಮ್ಮ?"

"ಜಾಸ್ತಿ ಇತ್ತಲ್ರೀ ಮಾಸ್ತರ… ಕೊಯ್ದು ನೆಟ್ಟಗ ಮಾಡೀನ್ರೀ."

"ಅದು ಜಾಸ್ತಿಯಲ್ಲಮ್ಮ! ಇವರ ಹೊಟ್ಟೆ ಅದು!"

"ನನ್ನ ಹೊಟ್ಟೆಗೇನಾಗಿದೆ?" ಎಂದು ರಾಜ ಗುಡುಗಿದ. "ಎಂಟೂವರೆಗೆ ನಾನು ಬಣ್ಣ ಹಚ್ಕೊಂಡು ಕೂತಿರ್ತೀನಿ. ಬನೀನಲ್ಲಿ ಸಿಂಹಾಸನ ಏರಿಸ್ತೀರಾ?"

ಆ ಹೊತ್ತಿಗೆ ಮಖಮಲ್ಲಿನ ಅಂಗಡಿ ಯಾವುದು ತೆರೆದಿರುತ್ತದೆ? ಸೋಮವಾರದ ಆಟೋ ಮರೆವ್ವನ ಕಿವಿಯಲ್ಲಿ ಆಗಲೇ ಹಾರ್ನ್ ಹೊಡೆಯುತ್ತಿತ್ತು. ಅವಳು ರೂಮಿಗೆ ಓಡಿ, ನೆಲ ಒರೆಸಲೆಂದು ಕಾರ್ಖಾನೆಯಿಂದ ತಂದಿದ್ದ ಚೂರುಗಳ ಚೀಲ ಹೊತ್ತು ತಂದಳು. ಎಳೆದರೆ ಹಿಗ್ಗುವ ಕರೀ ಟ್ರ್ಯಾಕ್‌ಪ್ಯಾಂಟಿನ ಬಟ್ಟೆ. ರಾಮಯ್ಯ ಕಸಿದುಕೊಂಡು, ಕೋಟಿನ ಪಕ್ಕೆ ಸೀಳಿ, ಪಟ್ಟಿ ಇಟ್ಟು ತುಳಿದ. ಎಳೆದು ನೋಡಿದರೆ ದಾರ ಪಟಪಟನೆ ಹರಿಯಿತು. ಇನ್ನೊಮ್ಮೆ ತುಳಿದ. ಇನ್ನೊಮ್ಮೆ ಹರಿಯಿತು.

"ನಿಮ್ಮ ಹೊಲಿಗಿ ಜಗ್ಗಂಗಿಲ್ರೀ, ಈ ಬಟ್ಟಿ ಜಗ್ಗತೈತಿ. ಇಲ್ಲಿ ಕೊಡ್ರಿ."

ನಲವತ್ತು ವರ್ಷದಲ್ಲಿ ರಾಮಯ್ಯನ ಕೈಯಿಂದ ಬಟ್ಟೆ ಯಾರೂ ತೆಗೆದುಕೊಂಡಿರಲಿಲ್ಲ. ಕೊಟ್ಟ. ಮರೆವ್ವ ಕಂಕುಳಿಂದ ಸೊಂಟದವರೆಗೆ ಎರಡೂ ಕಡೆ ಪಟ್ಟಿ ಕೂರಿಸಿದಳು; ರಾಮಯ್ಯ ಹುಕ್ಕು ಭದ್ರಪಡಿಸಿ, ಪಟ್ಟಿ ಮರೆಯಾಗುವಂತೆ ಎರಡೂ ಭುಜದಿಂದ ಜರಿಯ ಶಲ್ಯ ಇಳಿಬಿಟ್ಟ. ಎರಡು ಮಷೀನೂ ಒಟ್ಟಿಗೆ ಓಡಿದ ಸದ್ದಿಗೆ ಬೀದಿನಾಯಿಗಳು ದಾಸರಹಳ್ಳಿಗೆ ವಲಸೆ ಹೋದವು. ಯಾವ ದೇಶದ ಓಟಗಾರನಿಗೋ ಮೀಸಲಾಗಿದ್ದ ಬಟ್ಟೆ, ಮಹಡಿ ಹತ್ತಲೂ ಬೇಸರಪಡುವ ಮುನಿಕೃಷ್ಣನ ಪಕ್ಕೆ ಸೇರಿತು.

ಅಂದು ರಾಜ ಹಾಡಿದ. ಒಂದೇ ಸ್ವರವನ್ನು ಎಷ್ಟು ಹೊತ್ತು ಹಿಡಿದನೆಂದರೆ, ಹಾರ್ಮೋನಿಯಂನವನು ಕಾಫಿ ಕುಡಿದು ಬಂದ. ಉಸಿರು ಎಳೆದಷ್ಟು ಕೋಟು ಉಬ್ಬಿತು, ಬಿಟ್ಟಷ್ಟು ಇಳಿಯಿತು. ಒಂದೂ ಹೊಲಿಗೆ ಹರಿಯಲಿಲ್ಲ. ಇಂಥ ಅಭಿನಯ ಕಂಡಿಲ್ಲ, ಕೋಪ ಪಕ್ಕೆಯಲ್ಲೂ ಕಾಣುತ್ತಿತ್ತು ಎಂದು ಮುಂದಿನ ಸಾಲಿನವರು ಹೇಳಿದರು. ಮುನಿಕೃಷ್ಣ ಅದನ್ನು ನಂಬಿದ.

ಸೋಮವಾರ ಮರೆವ್ವ ಅಂಗಡಿಗೆ ಬಂದಾಗ ಆಟೋ ಇರಲಿಲ್ಲ. ಇಷ್ಟು ದಿನ ಅವಳ ಮಷೀನಿಗೆ ಪಕ್ಕದಂಗಡಿಯಿಂದ ವೈರು ಎಳೆದಿದ್ದರು; ರಾಮಯ್ಯನ ಅಂಗಡಿಗಿದ್ದದ್ದು ಒಂದೇ ಪ್ಲಗ್ಗು. ಅದರಲ್ಲಿ ವರ್ಷಗಟ್ಟಲೆ ಬೇರೂರಿದ್ದ ಇಸ್ತ್ರಿಪೆಟ್ಟಿಗೆಯನ್ನು ಕಿತ್ತು ರಾಮಯ್ಯ ಓವರ್‌ಲಾಕಿನ ವೈರು ಚುಚ್ಚಿದ್ದ. ಪಕ್ಕದೂರಿನ ಮಂತ್ರಿ ಪಾರ್ಟಿನವನು ಹೊಟ್ಟೆ ಒಳಗೆಳೆದುಕೊಂಡು ಅಳತೆಗೆ ನಿಂತಿದ್ದ.

ರಾಮಯ್ಯ ಬಟ್ಟೆ ಮೇಲೆ ಸೀಮೆಸುಣ್ಣದಲ್ಲಿ ದಪ್ಪ ಗೀಟೆಳೆದು, "ನೋಡು, ನಿನ್ನ ಚಾಕು ಈ ಗೀಟು ದಾಟಬಾರದು," ಎಂದ.

"ದಾಟಂಗಿಲ್ರೀ ಮಾಸ್ತರ," ಎಂದಳು ಮರೆವ್ವ, ದಾರ ಪೋಣಿಸುತ್ತ. "ಮೊದಲ ಅವರಿಗಿ ಉಸುರು ಬಿಡ್ಲಿಕ್ ಹೇಳ್ರಿ."