ಗಂಗಮ್ಮಜ್ಜಿಯ ತಟ್ಟೆಗೆ ಬಂದ ಚೀಸ್

೧೯೪೩ನೇ ಇಸವಿ, ಯುದ್ಧದ ಕಾಲ. ನನ್ನ ಎರಡನೇ ಮಗಳಿಗೆ ಆಗಷ್ಟೇ ಕೆಳಗಿನ ಎರಡು ಹಲ್ಲು ಮೂಡಿದ್ದವು. ಹಾಗಾಗಿ ಆ ವರ್ಷ ನನಗೆ ಚೆನ್ನಾಗಿ ನೆನಪಿದೆ. ನನ್ನ ತವರು ಅರಕಲಗೂಡು, ಕೊಟ್ಟ ಮನೆ ಹಾಸನ. ತಂದೆಯವರು ಅಂಗಡಿ ಇಟ್ಟುಕೊಂಡಿದ್ದವರು. ಹೆಣ್ಣುಮಗಳೂ ನಾಲ್ಕಕ್ಷರ ಇಂಗ್ಲಿಷ್ ಕಲಿಯಲಿ ಎಂದು ನನ್ನನ್ನು ಸಿಸ್ಟರುಗಳ ಕಾನ್ವೆಂಟಿನಲ್ಲಿ ಓದಿಸಿದ್ದರು. ಮನೆಯಲ್ಲಿ ವಿಭೂತಿ, ಲಿಂಗಪೂಜೆ. ಶಾಲೆಯಲ್ಲಿ ಮೊಣಕಾಲೂರಿ ಪ್ರಾರ್ಥನೆ. ಎರಡೂ ನನಗೆ ಅಭ್ಯಾಸವಾಗಿಬಿಟ್ಟಿದ್ದವು.

ಊರ ಹೊರಗೆ ಸಿಸ್ಟರುಗಳು ದಿಕ್ಕಿಲ್ಲದ ಮುದುಕರಿಗಾಗಿ ಒಂದು ಮನೆ ನಡೆಸುತ್ತಿದ್ದರು. ಹೆಂಚು ಹೊದಿಸಿದ ಉದ್ದನೆಯ ಹಜಾರ, ಹದಿನಾಲ್ಕು ಮಂಚ, ಹಿಂಭಾಗದಲ್ಲಿ ಎರಡು ಹಸುಗಳ ಕೊಟ್ಟಿಗೆ, ಅದರ ಪಕ್ಕಕ್ಕೆ ಹಾಲಿನ ಕೋಣೆ. ಊಟದ ಉಸ್ತುವಾರಿ ಫ್ರಾನ್ಸ್ ದೇಶದ ಸಿಸ್ಟರ್ ಆಗ್ನೆಸ್ ಅವರದು. ಅವರಿಗೆ ಕನ್ನಡ ಅಷ್ಟಕ್ಕಷ್ಟೇ. ಹಾಗಾಗಿ ವಾರಕ್ಕೆ ಮೂರು ಮಧ್ಯಾಹ್ನ ನಾನು ಹೋಗಿ ಬಡಿಸುತ್ತಿದ್ದೆ, ಎರಡೂ ಕಡೆಯ ಮಾತನ್ನು ದಾಟಿಸುತ್ತಿದ್ದೆ.

ಅಲ್ಲಿದ್ದವರಲ್ಲಿ ಗಂಗಮ್ಮಜ್ಜಿ ಒಬ್ಬಳು. ಚನ್ನರಾಯಪಟ್ಟಣದಲ್ಲಿ ಸಂತೆಗೆ ಬರುವವರಿಗೆ ಊಟದ ಮನೆ ನಡೆಸಿದ್ದವಳು. ಕೊರಳಲ್ಲಿ ಲಿಂಗ, ಬಾಯಲ್ಲಿ ಒಂದೂ ಹಲ್ಲಿಲ್ಲ. ಪರಧರ್ಮದವರ ಆಶ್ರಯಕ್ಕೆ ಬಂದಳೆಂದು ಬಂಧುಗಳು ಆಡಿಕೊಂಡಿದ್ದರಂತೆ. ಅದಕ್ಕೇ ಅವಳು ಊಟದಲ್ಲಿ ಮಾತ್ರ ತನ್ನ ಆಚಾರವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಉಳಿದ ಮುದುಕರಿಗೆ ಮೊಟ್ಟೆ, ಮಾಂಸದ ಸಾರು ನಡೆಯುತ್ತಿತ್ತು. ಗಂಗಮ್ಮಜ್ಜಿಗೆ ಅದರ ವಾಸನೆಯೂ ಆಗದು. ಹಾಲು ಕುಡಿದರೆ ಹೊಟ್ಟೆ ಕೆಡುತ್ತಿತ್ತು. ಬೇಳೆಯೂ ಒಗ್ಗುತ್ತಿರಲಿಲ್ಲ. ಬರೀ ಗಂಜಿ ಕುಡಿದು ಕುಡಿದು ಸೊರಗಿ, ಕೈಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ನೋಡಲು ಬಂದ ಡಾಕ್ಟರು, "ಹೇಗಾದರೂ ಪುಷ್ಟಿಯ ಊಟ ಹೋಗಬೇಕು. ಇಲ್ಲದಿದ್ದರೆ ಈ ಬೇಸಿಗೆ ಕಳೆಯುವುದು ಕಷ್ಟ" ಎಂದರು.

ಸಿಸ್ಟರ್ ಆಗ್ನೆಸ್ ಎರಡು ದಿನ ಯೋಚನೆ ಮಾಡಿ, ಹಾಲಿನ ಕೋಣೆಯಲ್ಲಿ ಸ್ವಲ್ಪ ಚೀಸ್ ಮಾಡಿದರು. ಮೊದಲ ಸಲ ಗಂಗಮ್ಮಜ್ಜಿಗೆ ಮಾತ್ರ. ನಾನು ಕಾನ್ವೆಂಟಿನಲ್ಲಿ ಅದರ ರುಚಿ ನೋಡಿದ್ದೆ. ಬೆಳ್ಳಗೆ, ಬೆಣ್ಣೆಗಿಂತ ಸ್ವಲ್ಪ ಗಟ್ಟಿ. ಅದನ್ನು ಬೆರಳಲ್ಲಿ ಹಿಸುಕಿ, ಮೆತ್ತಗೆ ಬೆಂದ ಅನ್ನಕ್ಕೆ ಸೇರಿಸಿ, ಸೊಪ್ಪಿನ ಸಾರು, ಚಿಟಿಕೆ ಜೀರಿಗೆ ಹಾಕಿ ಕಲಸಿದೆ.

ಅಜ್ಜಿ ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದಳು. "ಏನವ್ವಾ ಇದು? ಒಡ್ದೋದ್ ಹಾಲಾ?"

"ಗಿಣ್ಣಿನ ಥರಾ ಅಜ್ಜಿ. ಹಾಲಿಂದ್ಲೇ ಮಾಡಿದ್ದು."

"ಹಾಲು ಬುಟ್ಟು ಇನ್ನೇನೈತೆ ಇದ್ರಾಗೆ?"

"ಇನ್ನೇನೂ ಇಲ್ಲ. ನಾನೂ ಲಿಂಗ ಕಟ್ಟಿದೋಳೇ ಅಜ್ಜಿ, ನಿಮಗೆ ಸುಳ್ಳು ಹೇಳ್ತೀನಾ?"

ಪಕ್ಕದ ಮಂಚದ ಮರಿಯಪ್ಪ ತಾತ ಕೊಣನೂರಿನ ಕಡೆಯವನು, ಕಣ್ಣು ಕಾಣುತ್ತಿರಲಿಲ್ಲ, ನಾಲಿಗೆ ಮಾತ್ರ ಬಲು ಚುರುಕು. "ಕೆಟ್ಟೋದ್ ಹಾಲ್ಗೂ ಇಷ್ಟೊಂದ್ ಉಪಚಾರ ನಡೀತೈತಲ್ಲ! ನಂಗಾದ್ರೂ ಕೊಡವ್ವ" ಎಂದ.

"ಅಲ್ಲೇ ಮಡಗಿ ಓಗವ್ವಾ, ಆಮೇಕೆ ನೋಡಾನ" ಎಂದಳು ಅಜ್ಜಿ.

ಎರಡು ದಿನ ಬಿಟ್ಟು ಹೋದಾಗ ಅಜ್ಜಿ ತಾನಾಗಿಯೇ, "ಎಲ್ಲವ್ವಾ ಆ ಗಿಣ್ಣು?" ಎಂದು ಕೇಳಿದಳು. ನನಗಾದ ಸಂತೋಷ ಅಷ್ಟಿಷ್ಟಲ್ಲ. ನನ್ನ ಮಾತಿನ ಮೇಲೆ ಉಂಡಳಲ್ಲ ಎಂದು ಸ್ವಲ್ಪ ಹೆಮ್ಮೆಯೂ ಆಯಿತು. ಮುಂದೆ ಒಂದು ದಿನ ರಾಗಿ ಗಂಜಿಗೆ ಕದಡಿ, ಒಂದು ದಿನ ಬೆಲ್ಲ ಏಲಕ್ಕಿ ಸೇರಿಸಿ ಕೊಟ್ಟೆ. ಎಲ್ಲ ಮುದುಕರಿಗೂ ಅದರ ರುಚಿ ಹಿಡಿಯಿತು. ಒಂದೂವರೆ ತಿಂಗಳಲ್ಲಿ ಗಂಗಮ್ಮಜ್ಜಿ ಕೋಲೂರಿಕೊಂಡು ಹೊರಗೆ ಬಂದು ಬಿಸಿಲು ಕಾಯಿಸುವಂತಾದಳು. ಮರಿಯಪ್ಪ ತಾತನನ್ನು ಬೈಯುವ ಶಕ್ತಿಯೂ ಬಂತು.

ಆಮೇಲೆ ಒಂದು ಸೋಮವಾರ ಸಿಸ್ಟರ್ ಆಗ್ನೆಸ್ ಒಂದು ವಾರದ ಧ್ಯಾನಕ್ಕೆಂದು ಮೈಸೂರಿಗೆ ಹೊರಟರು. ಹೊರಡುವ ಮುಂಚೆ ಚೀಸ್ ಮಾಡಿ, ಉಪ್ಪು ಸವರಿ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯಲ್ಲಿಟ್ಟು ನನಗೆ ಒಪ್ಪಿಸಿದ್ದರು. ಅದನ್ನು ತರಲು ಅಂದು ಮೊದಲ ಬಾರಿಗೆ ನಾನು ಹಾಲಿನ ಕೋಣೆಗೆ ಕಾಲಿಟ್ಟೆ. ಗೋಡೆಯ ಬೀರುವಿನಲ್ಲಿ ಮಡಿಸಿಟ್ಟ ಬಟ್ಟೆಗಳ ಹಿಂದೆ ಒಂದು ಕಂದು ಬಣ್ಣದ ಸೀಸೆ ಕಾಣಿಸಿತು. ಅರ್ಧ ಖಾಲಿ. ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ರೆನೆಟ್ ಎಂದೂ, ಕೆಳಗೆ ಸಣ್ಣಕ್ಷರದಲ್ಲಿ ಚೀಸ್ ಮಾಡಲು ಎಂದೂ ಬರೆದಿತ್ತು. ರೆನೆಟ್ ಅಂದರೇನೋ ನನಗೆ ಗೊತ್ತಿರಲಿಲ್ಲ. ತಿಳಿಯದ ಇಂಗ್ಲಿಷ್ ಪದ ಕಂಡರೆ ಹುಡುಕುವುದು ಶಾಲೆಯಲ್ಲಿ ಅಂಟಿದ ಚಾಳಿ. ಮನೆಗೆ ಬಂದು, ಬಹುಮಾನವಾಗಿ ಬಂದಿದ್ದ ನಿಘಂಟು ತೆಗೆದು ನೋಡಿದೆ.

ಹಾಲನ್ನು ಹೆಪ್ಪುಗಟ್ಟಿಸುವ ವಸ್ತು, ಕರುವಿನ ಹೊಟ್ಟೆಯ ಒಳಪೊರೆಯಿಂದ ತೆಗೆದದ್ದು ಎಂದು ಅದರಲ್ಲಿತ್ತು.

ಪುಸ್ತಕ ಮುಚ್ಚಿದೆ. ತೆರೆದು ಮತ್ತೆ ಓದಿದೆ. ಇನ್ನೇನೂ ಇಲ್ಲ ಎಂದು ಲಿಂಗದ ಹೆಸರೆತ್ತಿ ಹೇಳಿದವಳು ನಾನು. ಒಂದು ಜೀವ ಕೊನೆಗಾಲಕ್ಕೆಂದು ಉಳಿಸಿಕೊಂಡಿದ್ದ ಒಂದೇ ಒಂದು ನೇಮವನ್ನು ನನ್ನ ಕೈಯಾರೆ ಕಲಸಿ ಕೆಡಿಸಿದ್ದೆ.

ನಮ್ಮ ಯಜಮಾನರಿಗೆ ಹೇಳಿದೆ. ಅವರು, "ಬೇಕೂಂತ ಮಾಡಿದ್ದಲ್ಲವಲ್ಲ. ಹೇಳಿದರೆ ಆ ಮುದುಕಿ ಊಟಾನೇ ಬಿಟ್ಟಾಳು. ಜೀವ ದೊಡ್ಡದೋ, ನಿನ್ನ ಮನಸ್ಸಿನ ಸಮಾಧಾನ ದೊಡ್ಡದೋ ನೋಡು" ಎಂದರು. ಅವರ ಮಾತೂ ಸರಿಯೇ. ಹೇಳಿದರೆ ಅವಳ ಜೀವಕ್ಕೆ ಅಪಾಯ. ಹೇಳದಿದ್ದರೆ ಅವಳು ಉಣ್ಣುವ ಪ್ರತಿ ತುತ್ತಿನಲ್ಲೂ ನನ್ನ ಮೋಸ. ಸಿಸ್ಟರನ್ನು ಕೇಳೋಣವೆಂದರೆ ಅವರು ಊರಿನಲ್ಲಿಲ್ಲ. ಎರಡು ದಿನ ಇದೇ ಯೋಚನೆ. ಮಗುವಿಗೆ ಹಾಲು ಕುಡಿಸುವಾಗಲೂ ಕಣ್ಣಲ್ಲಿ ನೀರು.

ಬುಧವಾರ ಹೋದೆ. ಎಲ್ಲರಿಗೂ ಬಡಿಸಿ ಅಜ್ಜಿಯ ಮಂಚದ ಹತ್ತಿರ ಬಂದಾಗ ಕೈ ಮುಂದಕ್ಕೆ ಹೋಗಲಿಲ್ಲ. ಬರೀ ಅನ್ನ, ಸಾರು ಹಾಕಿದೆ.

"ಯಾಕವ್ವಾ, ಇವತ್ತು ಗಿಣ್ಣಿಲ್ವಾ?"

ತಡೆಯಲಾಗಲಿಲ್ಲ. ಮಂಚದ ಪಕ್ಕ ಕುಸಿದು ಕುಳಿತು ಸೀಸೆ, ನಿಘಂಟು, ಕರುವಿನ ಹೊಟ್ಟೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. "ಅಜ್ಜಿ, ನಿಮ್ಮ ನೇಮ ಕೆಡಿಸಿಬಿಟ್ಟೆ. ನನಗೆ ನಿಜವಾಗಿ ಗೊತ್ತಿರಲಿಲ್ಲ" ಎಂದು ಅತ್ತೆ.

ಅಜ್ಜಿ ನನ್ನನ್ನೇ ನೋಡಿದಳು. ಅವಳ ಗಲ್ಲ ಅಲುಗತೊಡಗಿತು. ಅಳುತ್ತಿದ್ದಾಳೆಂದುಕೊಂಡೆ. ನೋಡಿದರೆ ಬೊಚ್ಚುಬಾಯಿ ತೆರೆದು ನಗುತ್ತಿದ್ದಳು!

"ಅಯ್ಯೋ ಉಚ್ಚೀ! ಆ ಸೀಸೆ ನಾನ್ ಯಾವತ್ತೋ ನೋಡೀವ್ನಿ ಕಣವ್ವ. ನೀನ್ ಮೊದ್ಲು ತಂದ್ಯಲ್ಲ, ಅದ್ನ ಮುಟ್ನೇ ಇಲ್ಲ. ಬೆಕ್ಗಾಕ್ದೆ."

"ಬೆಕ್ಕಿಗಾ?"

"ಊಂ. ಮಾರ್ನೆ ದಿಸ ಗ್ವಾಡೆ ಇಡ್ಕೊಂಡು ಕೊಟ್ಗೆ ತಾವ ಓದೆ. ಪಕ್ಕದ್ ಹಾಲಿನ್ ಕ್ವಾಣೇಲಿ ದೊರೆಸಾನಮ್ಮ ಒಲೆ ಮುಂದಿದ್ಲು. ಸೀಸೆ ತಗುದ್ಲು. ಏನ್ತಾಯಿ ಅದು ಅಂದೆ. ಅವ್ಳ್ ಮಾತು ನಂಗ್ ತಿಳೀಲಿಲ್ಲ, ನನ್ ಮಾತು ಅವ್ಳ್ಗೆ ತಿಳೀಲಿಲ್ಲ. ಪಾಪ, ಕಟ್ಟಾಕಿದ್ ಕರ ತೋರ್ಸುದ್ಲು, ಅದ್ರ್ ಒಟ್ಟೆ ಮುಟ್ಟಿ ತೋರ್ಸುದ್ಲು. ಶಿವಶಿವಾ ಅಂತ ಅವ್ಳ್ ಕೈ ಗಟ್ಟಿಯಾಗಿ ಇಡ್ಕೊಂಡ್ಬುಟ್ಟೆ! ಆಮೇಕೆ ಅಡ್ಗೆಮನೆಯಿಂದ ಎಲ್ಡು ನಿಂಬೆಅಣ್ಣು ಈಸ್ಕೊಂಡ್ ಬಂದು, ಹಾಲು ಕುದಿಯೋವಾಗ ನಾನೇ ಇಂಡ್ದೆ. ಅವತ್ಲಿಂದ ಎಲ್ಲಾರ್ಗೂ ನಿಂಬೆಅಣ್ಣಿಂದೇ."

ಮರಿಯಪ್ಪ ತಾತ ಎದ್ದು ಕುಳಿತ. "ಅಂಗಾರೆ ಆ ಸೀಸೇದು ನನ್ ಒಟ್ಟೆಗ್ ಓಗ್ನಿಲ್ಲ ತಾನೇ?"

"ಇಲ್ಲ ಕಣಪ್ಪ, ಬಿದ್ಕೊ. ಬೆಕ್ಕೊಂದೇ ತಿಂದಿರಾದು."

ನನಗೆ ನಗು ಬಂತು, ಅಳುವೂ ನಿಂತಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಅಂದ್ರೆ ನೀವು ನನ್ನ ಮಾತು ನಂಬಲಿಲ್ವಾ ಅಜ್ಜಿ?" ಎಂದು ಕೇಳಿದೆ.

ಅಜ್ಜಿ ನನ್ನ ಕೈ ತಟ್ಟಿದಳು. "ನೀನ್ ಒಳ್ಳೇವ್ಳು ಕಣವ್ವ, ಸುಳ್ ಯೋಳಾಕಿಲ್ಲ. ಆದ್ರೆ ನೀನೂ ಒಲೆ ಮುಂದೆ ನಿಂತಿರ್ನಿಲ್ವಲ್ಲ! ನಲವತ್ ವರ್ಸ ಊರೋರ್ಗೆಲ್ಲ ಬೇಯ್ಸಾಕ್ದೋಳು ನಾನು. ಯಾರೋ ಯೋಳುದ್ರು ಅಂತ ಉಂಡ್ಬುಡ್ತೀನಾ? ಅಳಾದ್ ಸಾಕು, ಗಿಣ್ಣಾಕು. ಅನ್ನ ಆರೋಯ್ತು."

ಆ ದಿನ ಹಿಸುಕಿ ಕಲಸಿದ ಅನ್ನ ಎಷ್ಟು ಹದವಾಗಿತ್ತೆಂದರೆ, ಅಜ್ಜಿ ಎರಡನೇ ಸಲ ಹಾಕಿಸಿಕೊಂಡಳು. ಮನೆಗೆ ನಡೆದು ಬರುವಾಗ ಮೈಯೆಲ್ಲ ಹಗುರ. ದಾರಿಯಲ್ಲಿ ಎದುರಾದವರೆಲ್ಲ ನನ್ನನ್ನು ವಿಚಿತ್ರವಾಗಿ ನೋಡಿದರು. ನಾನು ಒಬ್ಬಳೇ ನಗುತ್ತಿದ್ದೆನೇನೋ.

ಮೈಸೂರಿನಿಂದ ಮರಳಿದ ಸಿಸ್ಟರ್ ಆಗ್ನೆಸ್ ಅವರಿಗೆ ಇದನ್ನೆಲ್ಲ ಹೇಳಿದಾಗ ಅವರ ಮುಖ ಕೆಂಪಾಯಿತು. "ಚೀಸಿಗೆ ಏನು ಹಾಕುತ್ತಾರೆಂದು ನಮ್ಮ ಹಳ್ಳಿಯಲ್ಲಿ ಯಾರೂ ಕೇಳುವುದಿಲ್ಲ. ಅಜ್ಜಿ ನಿಂಬೆ ಹಿಂಡಿದ್ದು ರುಚಿಗೆಂದುಕೊಂಡೆ. ಇಲ್ಲಿ ನಾನು ಕೇಳಬೇಕಿತ್ತು" ಎಂದು ಇಂಗ್ಲಿಷಿನಲ್ಲಿ ಹೇಳಿ, ಆ ಸೀಸೆಯನ್ನು ತಮ್ಮ ಮಠದ ಅಡಿಗೆಮನೆಗೆ ಸಾಗಿಸಿದರು. ಗಂಗಮ್ಮಜ್ಜಿ ಆ ಬೇಸಿಗೆಯನ್ನೂ ಕಳೆದಳು, ಅದರ ಮೇಲೆ ಇನ್ನೂ ಮೂರು ಬೇಸಿಗೆಯನ್ನೂ ಕಂಡಳು.

ಅಲ್ಲಿಯತನಕ ನಾನು ಅವಳನ್ನು ನೋಡಿಕೊಳ್ಳುತ್ತಿದ್ದೇನೆ ಎಂದೇ ತಿಳಿದಿದ್ದೆ. ಉಣ್ಣಿಸುವವರು ನಾವು, ಉಣ್ಣುವವರು ಅವರು ಎಂದು. ನಿಲ್ಲಲು ತ್ರಾಣವಿಲ್ಲದ ಆ ಜೀವ ಗೋಡೆ ಹಿಡಿದು ಅಷ್ಟು ದೂರ ನಡೆದು ತನ್ನ ತುತ್ತನ್ನು ತಾನೇ ಕಾಪಾಡಿಕೊಂಡಿತ್ತು, ಜೊತೆಗೆ ನನ್ನನ್ನೂ ಕಾಪಾಡಿತ್ತು. ಅಂದು ಗಂಗಮ್ಮಜ್ಜಿ ನನ್ನ ಮಾತನ್ನು ನಂಬಿಬಿಟ್ಟಿದ್ದರೆ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಸದ್ಯ, ನಂಬಲಿಲ್ಲ!