ಬೀಗಿತ್ತಿ ಹತ್ತಿದ ಕೋಟೆ

ನಿಮ್ಮ ಬೀಗಿತ್ತಿ ಕೋಟೆಯ ತುದಿಯಲ್ಲಿ ನಿಂತು, ಸೆರಗನ್ನು ಗಾಳಿಗೆ ಬಿಟ್ಟು, ದಿನಾ ಬೆಳಿಗ್ಗೆ ಫೋನಿನೊಳಗಿಂದ ನಿಮ್ಮನ್ನು ನೋಡಿ ನಗುತ್ತಿದ್ದರೆ ನಿಮಗೆ ಕಾಫಿ ಗಂಟಲಲ್ಲಿ ಇಳಿಯುತ್ತದೆಯೇ? ನಿಜ ಹೇಳಿ.

ನನಗಂತೂ ಇಳಿಯುತ್ತಿರಲಿಲ್ಲ.

ನನ್ನ ಮಗಳ ಅತ್ತೆ ಮೈಸೂರಿನವರು. ಹೋದ ವರ್ಷ ಜಪಾನಿಗೆ ಬಂದು ಉರಯಾಸುವಿನ ಮಗನ ಮನೆಯಲ್ಲಿ ಇದ್ದು ಹೋದರು. ಆಗ ಅವರ ಮಗ, ಅಂದರೆ ನನ್ನ ಅಳಿಯಂದಿರು, ಅಮ್ಮನಿಗೆ ಕಿಸೋ ನದಿಯ ದಂಡೆಯ ಕೋಟೆಗಳನ್ನು ತೋರಿಸಿಕೊಂಡು ಬಂದರು. ಮಗುವಿಗೆ ಜ್ವರ ಇದ್ದದ್ದರಿಂದ ನನ್ನ ಮಗಳು ಹೋಗಲಿಲ್ಲ. ಹೋದದ್ದು ತಾಯಿ, ಮಗ ಇಬ್ಬರೇ. ಬಂದದ್ದು ಒಂದು ಫೋಟೋ. ಹಿಂದೆ ಬಳುಕಿಕೊಂಡು ಹೋಗುವ ನದಿ, ಮುಂದೆ ಕಂಬಿ ಹಿಡಿದು ನಿಂತ ಬೀಗಿತ್ತಿ, ಮುಖದಲ್ಲಿ ಕೋಟೆಯನ್ನು ಈಗಷ್ಟೇ ವಶಪಡಿಸಿಕೊಂಡ ಗತ್ತು. ಅದನ್ನೇ ಅವರು ವಾಟ್ಸಾಪ್ ಡಿಪಿ ಮಾಡಿಕೊಂಡರು.

ಅಲ್ಲಿಂದ ಮುಂದೆ ನಾವು ಏನೇ ಮಾತಾಡಿದರೂ ಮಾತು ಆ ಕೋಟೆಗೇ ಹೋಗಿ ನಿಲ್ಲುತ್ತಿತ್ತು. ಇವತ್ತು ಬಸ್ಸಾರು ಮಾಡಿದೆ ಎಂದು ನಾನು ಹೇಳಿದರೆ, "ಅಯ್ಯೋ, ಕೋಟೆ ತುದೀವರೆಗೂ ಹತ್ತಿದ್ನಲ್ಲ, ಅವತ್ತು ನಮಗೆ ಸಾರು ಅನ್ನ ಎಲ್ಲಿ ಸಿಗ್ಬೇಕು ಹೇಳಿ!" ಎನ್ನುತ್ತಿದ್ದರು. ಸೆಖೆ ಎಂದರೆ, "ಕೋಟೆ ತುದೀಲಿ ಏನು ಗಾಳಿ ಅಂತೀರಿ!"

ಈ ವರ್ಷ ನನ್ನ ಸರದಿ ಬಂತು. ವಿಮಾನ ಹತ್ತುವ ಹಿಂದಿನ ದಿನ ಬೀಗಿತ್ತಿ ಫೋನ್ ಮಾಡಿದರು.

"ನೀವು ಕೋಟೆಗೀಟೆ ಅಂತ ಹೋಗ್ಬೇಡಿ ಬೀಗಿತ್ತಿಯವರೇ, ನಿಮಗೆ ಮಂಡಿ ನೋವು. ಅವರೆಲ್ಲ ಮೇಲೆ ಹೋಗಿ ಬರ್ಲಿ, ನೀವು ಕೆಳಗೆ ಕೂತು ಐಸ್‌ಕ್ರೀಮ್ ತಿನ್ನಿ. ಹಸಿರು ಬಣ್ಣದ್ದು ಸಿಗುತ್ತೆ, ಚೆನ್ನಾಗಿರುತ್ತೆ."

ನಾನು ಆ ಕೋಟೆಯನ್ನು ಹತ್ತಲೇಬೇಕು ಎಂದು ನಿರ್ಧಾರವಾದದ್ದು ಆ ಹಸಿರು ಐಸ್‌ಕ್ರೀಮಿನಿಂದ.

ಕೋಟೆಗೆ ಜಪಾನಿನವರು ಶಿರೋ ಎನ್ನುತ್ತಾರೆ ಎಂದು ಹೇಳಿಕೊಟ್ಟವಳು ಮೂರನೇ ಕ್ಲಾಸಿನ ಮೊಮ್ಮಗಳು. ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿಸಿಕೊಟ್ಟವಳೂ ಅವಳೇ. ಅವಳಿಗೆ ಕನ್ನಡ ಓದಲು ಬಾರದು, ಆದರೂ ಕಲಿಸಿದಳು.

"ಶಿರೋ ಅಂದ್ರೆ ನಮ್ಮಲ್ಲಿ ತಲೆ" ಎಂದೆ.

ಅಡುಗೆಮನೆಯಿಂದ ಮಗಳು ಕೂಗಿದಳು: "ಶಿರೋವೇದನೆ ಅಂತ ಪೂರ್ತಿ ಹೇಳಮ್ಮ. ನೀನು ಕೋಟೆ ಹತ್ತೀನಿ ಅಂತಿದೀಯಲ್ಲ, ಅದು ನಂಗೆ."

ನಾನು ಅಳಿಯಂದಿರ ಕಡೆ ತಿರುಗಿದೆ. ಅವರ ಆಫೀಸು ಶಿನಾಗಾವಾದಲ್ಲಿ. ವರ್ಷಗಟ್ಟಲೆ ಜಪಾನೀ ಮೀಟಿಂಗುಗಳಲ್ಲಿ ಕೂತು, ಹೌದೂ ಎನ್ನದೆ ಇಲ್ಲವೂ ಎನ್ನದೆ ತಲೆಯಾಡಿಸುವ ವಿದ್ಯೆಯನ್ನು ಪೂರ್ತಿ ಕಲಿತಿದ್ದಾರೆ.

"ನಿಮ್ಮಮ್ಮ ಹತ್ತಿದ್ದು ಬಹಳ ಕಷ್ಟದ ಕೋಟೇನಾ?" ಎಂದು ಕೇಳಿದೆ.

"ಹಾಗೇನಿಲ್ಲ... ಅಂದ್ರೆ, ಅದು... ನೋಡೋಣ ಅತ್ತೆ" ಎಂದರು.

ತಾಯಿಯ ಸಾಹಸವನ್ನು ಮಗನೇ ಹೊಗಳಬಾರದು ಎಂಬ ಸಂಕೋಚ ಇರಬೇಕು, ಎಷ್ಟು ಒಳ್ಳೆಯ ಗುಣ ಎಂದುಕೊಂಡೆ. ಆ ನದಿಯ ಉದ್ದಕ್ಕೂ ಒಂದಲ್ಲ, ಹಲವು ಕೋಟೆಗಳಿವೆ. ಬೀಗಿತ್ತಿ ಹತ್ತಿದ್ದು ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಕಡಿದಾದದ್ದು ಎಂದು ನಾನೇ ತೀರ್ಮಾನಿಸಿಬಿಟ್ಟೆ. ಅವರ ಮಾತು ಕೇಳಿದ ಯಾರಾದರೂ ಹಾಗೆಯೇ ತೀರ್ಮಾನಿಸುತ್ತಿದ್ದರು.

ರಜೆ ಬಂದಾಗ ನಗೋಯಾ ತನಕ ಶಿಂಕಾನ್ಸೆನ್ ಎಂಬ ಬುಲೆಟ್ ರೈಲು, ಅಲ್ಲಿಂದ ಸಣ್ಣ ರೈಲು. ನದಿಯ ಪಕ್ಕದ ಗುಡ್ಡದ ಮೇಲೆ ಮರದ ಕೋಟೆ ಕಂಡಿತು. ಚಿತ್ರದುರ್ಗ ನೋಡಿದವರಿಗೆ ಅದು ಕೋಟೆಯಲ್ಲ, ಅಟ್ಟದ ಮೇಲೆ ಅಟ್ಟ ಇಟ್ಟು ಕಟ್ಟಿದ ಮನೆ. ಆದರೂ ಚೆಲುವಾಗಿತ್ತು. ಬಿಳಿ ಗೋಡೆ, ಕಪ್ಪು ಹೆಂಚು, ತುದಿಯಲ್ಲಿ ಸುತ್ತಲೂ ಒಂದು ಮೊಗಸಾಲೆ. ಅಲ್ಲಿ ನಿಂತು ಫೋಟೋ ತೆಗೆಸಿಕೊಂಡರೆ ನನ್ನ ಜಪಾನ್ ಯಾತ್ರೆ ಸಾರ್ಥಕ.

"ಮೊದಲ್ನೇ ಮಹಡಿ ತನಕ ಅಷ್ಟೇ" ಎಂದಳು ಮಗಳು. "ಅಲ್ಲೊಂದು ಬೆಂಚಿದೆ, ಅಲ್ಲೇ ಕೂತಿರ್ತೀಯ. ನಾವು ಮೇಲೆ ಹೋಗಿ ಬರ್ತೀವಿ."

"ಆಯ್ತಮ್ಮ" ಎಂದೆ, ಬಹಳ ಮೆತ್ತಗೆ. ಹೆತ್ತ ತಾಯಿ ಅಷ್ಟು ಮೆತ್ತಗೆ ಒಪ್ಪಿಕೊಂಡಾಗ ಮಗಳಾದವಳಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಸೀರೆಯ ಒಳಗೆ ಅವಳದೇ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡಿದ್ದೂ ಅವಳಿಗೆ ಗೊತ್ತಿರಲಿಲ್ಲ.

ಕೋಟೆಯ ಬಾಗಿಲಲ್ಲಿ ಎಲ್ಲರೂ ಚಪ್ಪಲಿ, ಬೂಟು ಬಿಚ್ಚಬೇಕು. ಸರಿ, ದೇವಸ್ಥಾನದ ಹಾಗೆ. ಆದರೆ ಬಿಚ್ಚಿದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋಗಬೇಕಂತೆ! ನಮ್ಮ ಕಡೆ ಚಪ್ಪಲಿ ಕೈಗೆ ಬಂತು ಎಂದರೆ ಯಾರಿಗೋ ಗ್ರಹಚಾರ ಕೆಟ್ಟಿತು ಎಂದೇ ಅರ್ಥ. ಇಲ್ಲಿ ನೋಡಿದರೆ ಮುದುಕರು, ಹೊಸದಾಗಿ ಮದುವೆಯಾದವರು, ಶಾಲೆಯ ಮಕ್ಕಳು, ಎಲ್ಲರೂ ಒಂದೊಂದು ಜೊತೆ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಸಾಲಾಗಿ ಮೇಲೆ ಹೋಗುತ್ತಿದ್ದಾರೆ. ಆ ಕಾಲದ ದೊರೆ ಇದನ್ನೇನಾದರೂ ಕಿಟಕಿಯಿಂದ ನೋಡಿದ್ದರೆ ನೇರವಾಗಿ ನದಿಗೆ ಹಾರುತ್ತಿದ್ದ.

ನನಗೆ ಎರಡೂ ಕೈ ಬೇಕಾಗಿತ್ತು. ಅದಕ್ಕೆ ನಾವು ದೊಡ್ಡ ದೇವಸ್ಥಾನಗಳಲ್ಲಿ ಮಾಡುವುದನ್ನೇ ಮಾಡಿದೆ. ಎಡಗಾಲಿನ ಚಪ್ಪಲಿಯನ್ನು ಛತ್ರಿ ಇಡುವ ಸ್ಟ್ಯಾಂಡಿನ ಹಿಂದೆ ತಳ್ಳಿದೆ. ಬಲಗಾಲಿನದನ್ನು ಬಾಗಿಲಿನ ಆ ಕಡೆಯ ಬೆಂಚಿನ ಕೆಳಗೆ ಸೇರಿಸಿದೆ. ಒಂಟಿ ಚಪ್ಪಲಿಯನ್ನು ಯಾವ ಕಳ್ಳ ತಾನೇ ಮುಟ್ಟುತ್ತಾನೆ? ಖಾಲಿ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿ ಒಳಗೆ ನಡೆದೆ.

ಮೊದಲನೆಯ ಮಹಡಿಯಲ್ಲಿ ಹೇಳಿದ ಹಾಗೆ ಬೆಂಚಿನ ಮೇಲೆ ಕೂತೆ. ಮಗಳು, ಅಳಿಯಂದಿರು ಮೂಲೆಯಲ್ಲಿದ್ದ ಹಳೆಯ ಕವಚ, ಕತ್ತಿ ನೋಡಲು ಹೋದರು. ಮೊಮ್ಮಗಳು ನನ್ನ ಕಾವಲಿಗೆ ನಿಂತಳು.

"ಏ, ಮೇಲಕ್ಕೆ ಹೋಗೋಣ್ವಾ?"

"ಮಮ್ಮಿ ಸೆಡ್ ನೋ, ಅಜ್ಜಿ."

"ಮಮ್ಮೀಗೆ ಮಮ್ಮಿ ಯಾರು?"

ಅವಳು ಒಂದು ಕ್ಷಣ ಯೋಚಿಸಿದಳು. "ಓಕೆ. ಲೆಟ್ಸ್ ಗೋ."

ಅವನ್ನು ಮೆಟ್ಟಿಲು ಎಂದು ಕರೆಯುವುದು ಬರೀ ಮರ್ಯಾದೆಗೆ. ಅಟ್ಟಕ್ಕೆ ಒರಗಿಸುವ ಏಣಿಯನ್ನು ಸ್ವಲ್ಪ ಅಗಲ ಮಾಡಿದ್ದಾರೆ, ಅಷ್ಟೆ. ಒಂದೊಂದು ಮೆಟ್ಟಿಲೂ ಮಂಡಿಯ ಎತ್ತರ, ಅದೂ ಸಾವಿರಾರು ಜನರ ಕಾಲ್ಚೀಲ ಉಜ್ಜಿ ಉಜ್ಜಿ ಗಾಜಿನ ಹಾಗೆ ನುಣುಪಾದದ್ದು. ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ. ಎರಡೂ ಕಡೆಯ ಹಿಡಿಕೆ ಹಿಡಿದೆ. ಮೊಮ್ಮಗಳು ಮೇಲಿನಿಂದ ನನ್ನ ಮಣಿಕಟ್ಟು ಎಳೆಯುತ್ತಿದ್ದಳು. ಪಕ್ಕದಲ್ಲಿ ನನ್ನದೇ ವಯಸ್ಸಿನ ಜಪಾನೀ ಹೆಂಗಸೊಬ್ಬಳು ಹಿಮ್ಮುಖವಾಗಿ ಇಳಿಯುತ್ತಿದ್ದಳು. ನನ್ನನ್ನು ನೋಡಿ ಮುಷ್ಟಿ ಎತ್ತಿ, "ಗಂಬಾತ್ತೆ!" ಎಂದಳು. ಬಾ ಅತ್ತೆ ಎಂದಳೇನೋ ಎಂದುಕೊಂಡು, "ಬಂದೆ ಬಂದೆ" ಎಂದೆ. ಗಟ್ಟಿಯಾಗಿ ಪ್ರಯತ್ನ ಮಾಡು ಎಂದು ಅದರ ಅರ್ಥವಂತೆ. ಎರಡಕ್ಕೂ ನನ್ನ ಉತ್ತರ ಸರಿಯಾಗಿಯೇ ಇತ್ತು.

ಎರಡನೆಯ ಏಣಿಯ ಅರ್ಧದಲ್ಲಿ ಮಂಡಿ ನಿಂತಿತು. ಸಾಕು, ಇಲ್ಲಿಗೇ ಬಿಡೋಣ, ಹಸಿರು ಐಸ್‌ಕ್ರೀಮ್ ಏನು ಕೆಟ್ಟದ್ದಲ್ಲ ಎಂದು ಯೋಚಿಸುತ್ತಿದ್ದಾಗ ಕೆಳಗಿನಿಂದ ಗಂಡು ದನಿ ಕೇಳಿತು: "ಸುಮಿಮಾಸೆನ್!"

ಬಗ್ಗಿ ನೋಡಿದೆ. ಟೋಪಿ, ಸಮವಸ್ತ್ರ. ಕೋಟೆಯ ಕಾವಲಿನವನು. ಕಣ್ಣು ನನ್ನ ಮೇಲೇ ಇತ್ತು.

"ನಿಮ್ಮಮ್ಮ ಕಳಿಸಿದಾಳೆ ಕಣೇ, ನನ್ನ ಹಿಡ್ಕೊಂಡು ಬಾ ಅಂತ! ಬೇಗ ಹತ್ತು!"

ಮಂಡಿ ಎಲ್ಲಿ ಹೋಯಿತೋ ಗೊತ್ತಿಲ್ಲ. ನಾನು ಮುಂದೆ, ಅವನು ಹಿಂದೆ. ಪಾಪ, ಮರ್ಯಾದಸ್ಥ. ಒಮ್ಮೆಯೂ ನನ್ನನ್ನು ದಾಟಲಿಲ್ಲ, ಮುಟ್ಟಲಿಲ್ಲ, ದನಿ ಏರಿಸಲಿಲ್ಲ. ಪ್ರತಿ ಮಹಡಿಯಲ್ಲೂ ಅದೇ ವಿನಯದಲ್ಲಿ ಸುಮಿಮಾಸೆನ್ ಎನ್ನುತ್ತಿದ್ದ. ಕ್ಷಮಿಸಿ ಎಂದು ಅದರ ಅರ್ಥ ಎಂದು ನನಗೆ ಗೊತ್ತಿತ್ತು. ಕ್ಷಮಿಸಿದ್ದೀನಪ್ಪ, ಹೋಗು ಎಂದುಕೊಳ್ಳುತ್ತಲೇ ಹತ್ತಿದೆ.

ಇದ್ದಕ್ಕಿದ್ದ ಹಾಗೆ ಮೆಟ್ಟಿಲು ಮುಗಿಯಿತು. ಬೆಳಕು, ಗಾಳಿ. ಮೊಗಸಾಲೆಗೆ ಕಾಲಿಟ್ಟರೆ ಕೆಳಗೆ ಕಿಸೋ ನದಿ. ಮರದ ಕಟಕಟೆ ನನ್ನ ಸೊಂಟದಷ್ಟೂ ಎತ್ತರವಿಲ್ಲ. ಹೆದರಿಕೆಗೆ ಗೋಡೆಗೆ ಒತ್ತಿಕೊಂಡು ಒಂದು ಸುತ್ತು ನಡೆದೆ. ಕಾವಲಿನವನೂ ನನ್ನ ಹಿಂದೆಯೇ ಪ್ರದಕ್ಷಿಣೆ ಬಂದ. ಸುತ್ತು ಮುಗಿಸಿ ತಿರುಗಿದರೆ ಎದುರಿಗೇ ಇದ್ದ. ಇನ್ನು ಓಡಲು ಆಕಾಶವೇ ಗತಿ.

ಅವನು ಮಂಡಿಯೂರಿದ. ಎರಡೂ ಕೈಯಲ್ಲಿ, ಪ್ರಸಾದ ಕೊಡುವ ಹಾಗೆ, ನನ್ನ ಎಡಗಾಲಿನ ಚಪ್ಪಲಿಯನ್ನು ನನ್ನ ಮುಂದಿಟ್ಟ. ಇಟ್ಟು ನನ್ನ ಬಲಗಾಲನ್ನು ನೋಡಿ ಏನೋ ಕೇಳಿದ.

"ಅಜ್ಜಿ, ಇನ್ನೊಂದು ಎಲ್ಲಿ ಅಂತ ಆಸ್ಕ್ ಮಾಡ್ತಿದಾರೆ" ಎಂದಳು ಮೊಮ್ಮಗಳು. "ಕೆಳಗೆ ಎವ್ರಿಬಡಿ ಈಸ್ ವರೀಡ್. ಒಂದೇ ಸಿಕ್ತಲ್ಲ, ಯಾರೋ ಬಿದ್ದೋದ್ರು ಅಂತ ಸರ್ಚಿಂಗ್."

"ಬಿದ್ದಿಲ್ಲ, ನಾನೇ ಬೇರೆ ಬೇರೆ ಕಡೆ ಇಟ್ಟಿದೀನಿ ಅಂತ ಹೇಳು."

"ವೈ?"

"ಕಳ್ಳರು ಬರ್ತಾರಲ್ಲ, ಅದಕ್ಕೆ."

ಅವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು. "ಅಜ್ಜಿ, ಐ ಕಾಂಟ್ ಸೇ ದಟ್ ಇನ್ ಜಾಪನೀಸ್."

"ಯಾಕೆ, ಪದ ಗೊತ್ತಿಲ್ವಾ?"

"ಪದ ಗೊತ್ತು. ನಾಚ್ಕೆ ಆಗುತ್ತೆ."

ಆಮೇಲೆ ಅವಳೇ ಏನೋ ಹೇಳಿದಳು. ಅವನು ನಕ್ಕು, ನನ್ನ ಕಾಲಿಗೆ ಇನ್ನೊಮ್ಮೆ ಬಗ್ಗಿ ನಮಸ್ಕರಿಸಿದ.

"ಏನು ಹೇಳ್ದೆ?"

"ಲೆಫ್ಟೂ ರೈಟೂ ಫೈಟ್ ಮಾಡ್ತಿತ್ತು, ಅದಕ್ಕೆ ಅಜ್ಜಿ ಸೆಪರೇಟ್ ಮಾಡಿದ್ರು ಅಂದೆ."

ಅಷ್ಟರಲ್ಲಿ, "ಅಮ್ಮಾ!" ಎಂದು ಮಗಳು ಏದುಸಿರು ಬಿಡುತ್ತಾ ಬಂದಳು. ಅವಳ ಕೈಯಲ್ಲಿ ನನ್ನ ಇನ್ನೊಂದು ಚಪ್ಪಲಿ. ಆ ಮುಖಕ್ಕೆ ಆ ಚಪ್ಪಲಿ ಹೇಳಿ ಮಾಡಿಸಿದ ಹಾಗಿತ್ತು.

"ಬೈಯೋದನ್ನ ಕೆಳಗೆ ಹೋಗಿ ಬೈ. ಮೊದ್ಲು ಫೋಟೋ ತೆಗಿ" ಎಂದೆ.

ತೆಗೆದಳು. ಇಳಿದದ್ದನ್ನು ವಿವರಿಸುವುದಿಲ್ಲ. ಕಾವಲಿನವನು ಕೆಳಗೆ, ಅಳಿಯಂದಿರು ಮೇಲೆ, ನಡುವೆ ಹಿಮ್ಮುಖವಾಗಿ ನಾನು. ಅಲ್ಮೇರಾ ಇಳಿಸುವವರನ್ನು ನೋಡಿದ್ದರೆ ನಿಮಗೆ ಅಂದಾಜಾಗುತ್ತದೆ.

ರೈಲಿನಲ್ಲಿ ಕೂತು ಬೀಗಿತ್ತಿಗೆ ಫೋಟೋ ಕಳಿಸಿದೆ. ಕೆಳಗೆ ನಾನೇ, ಒಂದೇ ಬೆರಳಿನಲ್ಲಿ, ಟೈಪ್ ಮಾಡಿದೆ: "ನಾನೂ ತುದೀವರೆಗೂ ಹತ್ತಿದೆ." ಅಲ್ಲಿಂದ ಹೆಬ್ಬೆರಳಿನ ಚಿತ್ರ ಬಂತು. ಹಿಂದೆಯೇ, "ಮಂಡಿಗೆ ಎಣ್ಣೆ ಹಚ್ಕೊಳ್ಳಿ." ಸೋತವರು ಇನ್ನೇನು ಹೇಳುತ್ತಾರೆ ಎಂದು ಸುಖವಾಗಿ ನಿದ್ದೆ ಮಾಡಿದೆ.

ಮರುದಿನ ಇನ್ನೊಂದು ಕೋಟೆ. ಅದೇ ನದಿ, ಸ್ವಲ್ಪ ಕೆಳಗೆ. ನನ್ನ ಎರಡೂ ಕಾಲು ಮರದ ತುಂಡುಗಳಾಗಿದ್ದವು.

"ಇಲ್ಲಿ ಲಿಫ್ಟ್ ಇದೆ, ಬಾಮ್ಮ" ಎಂದಳು ಮಗಳು.

"ಕೋಟೇಲಿ ಲಿಫ್ಟಾ?"

"ಇಟ್ಸ್ ಫೇಕ್, ಅಜ್ಜಿ. ಕಾಂಕ್ರೀಟ್" ಎಂದಳು ಮೊಮ್ಮಗಳು, ಬಹಳ ತಿರಸ್ಕಾರದಿಂದ.

ಬಾಗಿಲು ಮುಚ್ಚಿತು, ಬಾಗಿಲು ತೆರೆಯಿತು, ತುದಿಯಲ್ಲಿದ್ದೆವು. ಚಪ್ಪಲಿ ಕಾಲಲ್ಲೇ ಇತ್ತು. ಹೊರಗೆ ಬಂದು ಕಂಬಿ ಹಿಡಿದೆ. ಮರದ್ದಲ್ಲ, ಉಕ್ಕಿನ ಕಂಬಿ. ಪಕ್ಕದಲ್ಲಿ ಕಂಬದ ಮೇಲೆ ಒಂದು ದಪ್ಪ ದುರ್ಬೀನು. ಕೆಳಗೆ ನದಿ ಎಡಕ್ಕೆ ಬಳುಕಿ, ಸೇತುವೆಯ ಅಡಿಯಲ್ಲಿ ನುಸುಳಿ ಹೋಗುತ್ತಿತ್ತು. ಇದನ್ನೆಲ್ಲ ಎಲ್ಲೋ ನೋಡಿದ್ದೇನಲ್ಲ ಅನಿಸಿತು. ಎಲ್ಲೋ ಏನು, ಒಂದು ವರ್ಷದಿಂದ ದಿನಾ ಬೆಳಿಗ್ಗೆ ಕಾಫಿಯ ಜೊತೆ ನೋಡಿದ್ದೆ! ಫೋನ್ ತೆಗೆದು ಬೀಗಿತ್ತಿಯ ಡಿಪಿಯನ್ನು ಎದುರಿಗೆ ಹಿಡಿದೆ. ಅದೇ ಕಂಬಿ, ಅದೇ ದುರ್ಬೀನು, ಅದೇ ಸೇತುವೆ.

ಮಗಳು ನನ್ನ ಭುಜದ ಮೇಲಿಂದ ಇಣುಕಿದಳು. "ರೀ, ಇದು ನಿಮ್ಮಮ್ಮನ ಫೋಟೋ ಜಾಗ ಅಲ್ವಾ?"

ಅಳಿಯಂದಿರು ದೂರದ ಗುಡ್ಡವನ್ನು ನೋಡುತ್ತಿದ್ದರು. "ಮೋಡ ಚೆನ್ನಾಗಿದೆ" ಎಂದರು.

"ನಿನ್ನೆ ನೋಡಿದ್ವಲ್ಲ, ಆ ಮರದ ಕೋಟೇಗೂ ಹೋದ ವರ್ಷ ನಿಮ್ಮಮ್ಮನ್ನ ಕರ್ಕೊಂಡ್ಹೋಗಿದ್ರಿ ತಾನೇ?"

"ಹೋಗಿದ್ವಿ. ಕೆಳಗೆ ಐಸ್‌ಕ್ರೀಮ್ ಚೆನ್ನಾಗಿತ್ತು."

ಬೀಗಿತ್ತಿಯನ್ನು ಮೀರಿಸಬೇಕೆಂದು ಬೀಗಿತ್ತಿ ಹತ್ತದೇ ಇದ್ದ ಕೋಟೆಯನ್ನು ನಾನು ಮಂಡಿ ಮುರಿದುಕೊಂಡು ಹತ್ತಿದ್ದೆ. ಕೋಪ ಬರಬೇಕಿತ್ತು. ಬಂದದ್ದು ಖುಷಿ. ಒಂದು ವರ್ಷದ ಕಾಫಿಗೆ ಇವತ್ತು ಬಡ್ಡಿ ಸಮೇತ ವಸೂಲಿ ಮಾಡುತ್ತೇನೆ ಎಂದು ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿದೆ. ಮೈಸೂರಿನಲ್ಲಿ ಅವರು ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದರು.

"ಬೀಗಿತ್ತಿಯವರೇ, ನಾನು ಎಲ್ಲಿ ನಿಂತಿದೀನಿ ಹೇಳಿ ನೋಡೋಣ?"

ಕನ್ನಡಕ ಏರಿಸಿ ನೋಡಿದರು. "ನನ್ನ ಡಿಪೀಲಿ ನಿಂತಿದೀರಿ."

"ಹ್ಞಾಂ! ತುದೀವರೆಗೂ ಹತ್ತಿದೆ, ತುದೀವರೆಗೂ ಹತ್ತಿದೆ ಅಂತ ಒಂದು ವರ್ಷದಿಂದ ನನ್ನ ಕಿವಿ ತೂತು ಮಾಡಿದ್ರಲ್ಲ. ಇಲ್ಲಿ ನೋಡಿದ್ರೆ ಲಿಫ್ಟ್ ಇದೆ!"

"ಹೌದು ರೀ, ಆ ಲಿಫ್ಟನ್ನೇ ನಾನು ಹತ್ತಿದ್ದು" ಎಂದರು ಬೀಗಿತ್ತಿ, ಒಂದು ಹುರುಳಿಕಾಯಿಯನ್ನು ಲಟಕ್ಕನೆ ಮುರಿದು. "ಯಾರಾದ್ರೂ ಬಸ್ ಹತ್ತಿದೆ ಅಂದ್ರೆ, ಬಸ್ಸಿನ ತಲೆ ಮೇಲೆ ಹತ್ತಿ ಕೂತ್ರು ಅಂತ ಅಂದ್ಕೋತೀರಾ ನೀವು?"